ಯಾವಾಗ ಹೋಪುದು?

ನಮ್ಮ ಊರಿನಲ್ಲಿ ಪರದೇಶದಿಂದ ಬಂದವರನ್ನು ಮಾತನಾಡಿಸುವುದಕ್ಕೆ ಎರಡು ಪ್ರಶ್ನೆಗಳು ಗೊತ್ತಾಗಿಬಿಟ್ಟಿವೆ. ಮೊದಲನೆಯದು, “ಯಾವಾಗ ಬಂದದ್ದು?” ಎಂದು, ಎರಡನೆಯದು, “ಯಾವಾಗ ಹೋಪುದು?” ಎಂದು. ಕುಂದಾಪುರದ ಕಡೆಯ ಮಾತಿನಲ್ಲಿ ‘ಹೋಪುದು’ ಎಂದರೆ ಹೋಗುವುದು. ಈ ಎರಡು ಪ್ರಶ್ನೆಗಳ ನಡುವೆ ಉಸಿರೆಳೆದುಕೊಳ್ಳುವಷ್ಟು ಬಿಡುವೂ ಇರುವುದಿಲ್ಲ. ಹಾಗೆಂದು ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ದೋಣಿ ಬಂದರೆ ಹೋಗಲೇಬೇಕು, ಬಸ್ಸು ಬಂದರೆ ಹೊರಡಲೇಬೇಕು. ಹಾಗೆಯೇ ಗಲ್ಫಿನಿಂದ ಬಂದವನು ಹಿಂತಿರುಗಲೇಬೇಕು ಎಂಬುದು ನಮ್ಮವರ ನಂಬಿಕೆ.

ನನ್ನ ತಂದೆಯವರಿಗೂ ಹದಿನಾರು ವರ್ಷಗಳ ಕಾಲ ಈ ಪ್ರಶ್ನೆಗಳನ್ನೇ ಕೇಳಿದರು. ಅವರೂ ಪ್ರತಿಸಲ ತಾರೀಖು ಸಹಿತ ಉತ್ತರ ಹೇಳುತ್ತಿದ್ದರು. 2023ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಮಾತ್ರ ಅವರು, “ಇನ್ನು ಹೋಪುದಿಲ್ಲ” ಎಂದರು. ಕೇಳಿದವರಿಗೆ ಮುಂದಿನ ಮಾತು ಹೊಳೆಯಲಿಲ್ಲ. “ಹೌದಾ?” ಎಂದು ತಲೆಯಾಡಿಸಿ ಹೊರಟುಹೋದರು. ಮೂರನೆಯ ಪ್ರಶ್ನೆಯೊಂದನ್ನು ನಮ್ಮ ಊರು ಸಿದ್ಧಮಾಡಿಕೊಂಡಿರಲಿಲ್ಲ. ನಿಜ ಹೇಳಬೇಕೆಂದರೆ, ಅವರ ಮನೆಯವರಾದ ನಾವೂ ಸಿದ್ಧಮಾಡಿಕೊಂಡಿರಲಿಲ್ಲ. ಆ ಮೂರನೆಯ ಪ್ರಶ್ನೆಗಾಗಿ ನಮ್ಮ ಮನೆ ಸುಮಾರು ಒಂದು ವರ್ಷ ಕಾಲ ತಡಕಾಡಿದ ಸಂಗತಿಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಮನೆಯ ಮಾತನ್ನು ಕಾಲೇಜಿನ ಸಂಚಿಕೆಯಲ್ಲಿ ಬರೆಯುವುದು ಸರಿಯೇ ಎಂದು ಮೊದಲು ಅಳುಕಿದೆ. ಆದರೆ ನನ್ನ ತರಗತಿಯಲ್ಲಿಯೇ ತಂದೆಯೋ ಅಣ್ಣನೋ ಮಾವನೋ ಕಡಲಾಚೆ ಇರುವ ಮಿತ್ರರು ಹಲವರಿದ್ದಾರೆ. ಅವರಿಗೆ ಇದು ಮನೆಯ ಮಾತೇ ಆಗಿ ಕೇಳಿಸೀತು.

ಕಡಲಾಚೆಗೆ ಹೋಗುವುದು ನಮ್ಮ ಕರಾವಳಿಗೆ ಹೊಸದೇನೂ ಅಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಹುಡುಗರು ಹೋಟೆಲು ಕೆಲಸಕ್ಕೆಂದು ಬೊಂಬಾಯಿಗೆ ಹೋಗುತ್ತಿದ್ದರು. 1973ರ ಬಳಿಕ ಎಣ್ಣೆಯ ಬೆಲೆ ಏರಿ, ಅರಬ್ಬರ ನಾಡಿನಲ್ಲಿ ಕಟ್ಟಡಗಳು ಏಳತೊಡಗಿದ ಮೇಲೆ ಅದೇ ದಾರಿ ಇನ್ನಷ್ಟು ಮುಂದಕ್ಕೆ ಚಾಚಿತು. ಇತಿಹಾಸದ ತರಗತಿಯಲ್ಲಿ ನಮ್ಮ ಅಧ್ಯಾಪಕರು ಹೇಳಿದ ಒಂದು ಮಾತು ನನಗೆ ಬಹಳ ಸೋಜಿಗವೆನಿಸಿತು. ದುಬೈ ಮೊದಲಾದ ಕಡೆಗಳಲ್ಲಿ 1966ರವರೆಗೂ ವ್ಯವಹಾರ ನಡೆಯುತ್ತಿದ್ದುದು ರೂಪಾಯಿಯಲ್ಲೇ ಅಂತೆ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಆ ಕಡೆಗೆಂದೇ ಬೇರೆ ನೋಟುಗಳನ್ನು ಹೊರಡಿಸಿತ್ತು. ದಿರ್ಹಾಮ್ ಬಂದದ್ದು 1973ರಲ್ಲಿ. ಈ ಸಂಗತಿಯನ್ನು ಮನೆಯಲ್ಲಿ ಹೇಳಿದಾಗ ಅಪ್ಪಯ್ಯ ನಕ್ಕು, “ಹಾಗಾದ್ರೆ ನಮ್ಮ ಅಜ್ಜನೇ ಹೋಗ್ಬೇಕಿತ್ತು. ನೋಟು ಬದಲಾಯ್ಸು ರಗಳೆ ಇರ್ತಿರ್ಲಿಲ್ಲ” ಎಂದರು.

ಅಪ್ಪಯ್ಯ ಹೋದದ್ದು 2007ರಲ್ಲಿ. ಆಗ ನನಗೆ ಎರಡು ವರ್ಷ. ಬಜ್ಪೆಯಿಂದ ದುಬೈಗೆ ನೇರ ವಿಮಾನ ಆರಂಭವಾಗಿ ಒಂದು ವರ್ಷವಷ್ಟೇ ಆಗಿತ್ತು. ಅಪ್ಪಯ್ಯ ಓದಿದ್ದು ಏಳನೆಯ ತರಗತಿಯವರೆಗೆ. ಊರಿನ ವೈರ್‌ಮನ್ ಒಬ್ಬರ ಹಿಂದೆ ತಿರುಗಿ ವಿದ್ಯುತ್ತಿನ ಕೆಲಸ ಕಲಿತಿದ್ದರು. ಹತ್ತನೆಯ ತರಗತಿ ಪಾಸಾಗದವರು ಅಲ್ಲಿಗೆ ದುಡಿಯಲು ಹೋಗಬೇಕಾದರೆ ಸರ್ಕಾರದ ವಲಸೆ ಅನುಮತಿ ಬೇಕು. ಪಾಸ್‌ಪೋರ್ಟಿನಲ್ಲಿಯೇ ಅದರ ಗುರುತು ಬೀಳುತ್ತದೆ. ಆ ಗುರುತನ್ನು ಅಪ್ಪಯ್ಯ ಎಂದೂ ಮರೆಯಲಿಲ್ಲ. ನಾನು ಹತ್ತನೆಯ ತರಗತಿ ಪಾಸಾದ ದಿನ ಫೋನಿನಲ್ಲಿ ಅವರು ಆಡಿದ ಮೊದಲ ಮಾತು, “ಇನ್ನು ನಿನ್ನ ಪಾಸ್‌ಪೋರ್ಟಿಗೆ ಆ ಮುದ್ರೆ ಬೀಳೂದಿಲ್ಲ ಮಗಾ” ಎಂದು. ನನ್ನ ಬಳಿ ಇಂದಿಗೂ ಪಾಸ್‌ಪೋರ್ಟು ಇಲ್ಲ. ಆದರೆ ಆ ಮಾತಿದೆ.

ಅವರು ದುಡಿಯುತ್ತಿದ್ದುದು ದೊಡ್ಡ ಕಟ್ಟಡಗಳ ದುರಸ್ತಿ ನೋಡಿಕೊಳ್ಳುವ ಕಂಪನಿಯೊಂದರಲ್ಲಿ, ಎಲೆಕ್ಟ್ರಿಷಿಯನ್ ಆಗಿ. ವಾಸ ಸೋನಾಪುರದ ಕಾರ್ಮಿಕರ ಬಿಡಾರದಲ್ಲಿ. ಹೆಸರಿನಲ್ಲಿ ಚಿನ್ನವಿದ್ದರೂ ಅದು ಒಂದರ ಮೇಲೊಂದು ಮಂಚ ಜೋಡಿಸಿದ ಕೋಣೆಗಳ ಊರು. ಎರಡು ವರ್ಷಕ್ಕೊಮ್ಮೆ, ನಮ್ಮ ಶಾಲೆಗೆ ರಜವಿರುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಮನೆಗೆ ಬರುತ್ತಿದ್ದರು. 2021ರಲ್ಲಿ ಬರಬೇಕಾಗಿತ್ತು. ಏಪ್ರಿಲ್ 24ರಿಂದ ಭಾರತದಿಂದ ಬರುವವರಿಗೆ ಆ ದೇಶ ಬಾಗಿಲು ಹಾಕಿದ್ದರಿಂದ, ಬಂದರೆ ಹಿಂತಿರುಗಲಾಗದೆಂದು ನಿಂತರು, 2022ರಲ್ಲಿ ಬಂದರು. ಒಟ್ಟು ಏಳು ಸಲ, ಸಲಕ್ಕೆ ಎರಡು ತಿಂಗಳು. ಹದಿನಾರು ವರ್ಷಗಳಲ್ಲಿ ನಾನು ನನ್ನ ತಂದೆಯ ಜೊತೆಗೆ ಬದುಕಿದ್ದು ಹದಿನಾಲ್ಕು ತಿಂಗಳು. ಅವರು ಕೆಲಸ ಬಿಟ್ಟಾಗ ಆ ದೇಶದ ಕಾನೂನಿನಂತೆ ಬರಬೇಕಾದ ಹಣ ಬಂದಿತು: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲವೇತನ, ಆಮೇಲೆ ವರ್ಷಕ್ಕೆ 30 ದಿನಗಳದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಕಾಗದದ ಮೇಲೆ ಕೂಡಿಸಿ ನೋಡಿದೆ. 435 ದಿನ, ಎಂದರೆ ಹದಿನಾಲ್ಕೂವರೆ ತಿಂಗಳು. ಕಂಪನಿ ಅವರಿಗೆ ಕೊಟ್ಟದ್ದೂ, ಅವರು ನಮಗೆ ಸಿಕ್ಕಿದ್ದೂ ಹೆಚ್ಚುಕಡಿಮೆ ಒಂದೇ ಲೆಕ್ಕವಾಯಿತು. ಆ ಕಾಗದವನ್ನು ನಾನು ಯಾರಿಗೂ ತೋರಿಸಲಿಲ್ಲ.

ಹದಿನಾಲ್ಕು ತಿಂಗಳ ಪರಿಚಯ ಎಂಥದು? ನೆಂಟರ ಪರಿಚಯ. ಬಂದಾಗಲೆಲ್ಲ ಮನೆಯಲ್ಲಿ ಹಬ್ಬ. ಹಗ್ಗ ಬಿಗಿದ ಪೆಟ್ಟಿಗೆ ಬಿಚ್ಚಿದರೆ ಹಾಲಿನ ಪುಡಿ, ಟ್ಯಾಂಗ್, ಕೊಡಲಿ ಚಿತ್ರದ ಎಣ್ಣೆ, ಅತ್ತರು, ಬ್ಯಾಟರಿ. ಉಳಿದ ದಿನಗಳಲ್ಲಿ ರಾತ್ರಿ ಫೋನು. ಅಲ್ಲಿ ಎಂಟು ಗಂಟೆಯಾದರೆ ನಮಗೆ ಒಂಬತ್ತೂವರೆ. “ಊಟ ಆಯ್ತಾ? ಓದ್ತಾ ಇದ್ಯಾ?” ಎಂದು ಅವರು, “ಆಯ್ತು. ಹ್ಞೂಂ” ಎಂದು ನಾನು. ಇಷ್ಟರಿಂದಲೇ ನಾವು ಒಬ್ಬರನ್ನೊಬ್ಬರು ಬಲ್ಲೆವೆಂದು ಎಣಿಸಿದ್ದೆವು.

ಕೊನೆಯ ಸಲ ಬಂದಾಗಲೂ ಮೊದಲ ಎರಡು ತಿಂಗಳು ಹಾಗೆಯೇ ಕಳೆದವು. ನೆಂಟರಿಷ್ಟರು ಬಂದರು, ಬಂಗುಡೆ ಸಾರು ಕುದಿಯಿತು. ಮೂರನೆಯ ತಿಂಗಳು ಬಂದಿತು, ಅವರು ಹೋಗಲಿಲ್ಲ. ನಮ್ಮ ಕಷ್ಟ ಆರಂಭವಾದದ್ದು ಅಲ್ಲಿಂದ.

ನಮ್ಮ ಮನೆ ಹಿಂದೆ ಹೆಂಚಿನದು. 2014ರಲ್ಲಿ ಅದನ್ನು ಕೆಡವಿ ತಾರಸಿಯ ಮನೆ ಕಟ್ಟಿಸಿದೆವು. ಹಣ ಅಪ್ಪಯ್ಯನದು, ಬಿಸಿಲಿನಲ್ಲಿ ನಿಂತು ಕಟ್ಟಿಸಿದವಳು ಅಮ್ಮ. ಗೋಡೆ ಏಳುವುದನ್ನೂ ಬಣ್ಣ ಬಳಿಯುವುದನ್ನೂ ಅವರು ಫೋಟೋಗಳಲ್ಲಿ ನೋಡಿದರು. ದೊಡ್ಡ ಗೋಪುರಗಳ ದೀಪಗಳನ್ನೆಲ್ಲ ನೋಡಿಕೊಂಡಿದ್ದ ಎಲೆಕ್ಟ್ರಿಷಿಯನ್ನರು ತಮ್ಮ ಮನೆಯಲ್ಲಿ ರಾತ್ರಿ ಎದ್ದರೆ ಬಚ್ಚಲಿನ ಸ್ವಿಚ್ಚು ಎಲ್ಲಿದೆಯೆಂದು ಗೋಡೆ ಸವರುತ್ತಿದ್ದರು. ಒಂದನ್ನು ಒತ್ತಿದರೆ ಫ್ಯಾನು ತಿರುಗುವುದು, ಇನ್ನೊಂದನ್ನು ಒತ್ತಿದರೆ ಅಂಗಳದ ದೀಪ ಹತ್ತುವುದು. ತಂಗಿ ಒಮ್ಮೆ ನಕ್ಕುಬಿಟ್ಟಳು. ಅವರೂ ನಕ್ಕರು. ಮರುದಿನದಿಂದ ತಲೆದಿಂಬಿನ ಕೆಳಗೆ ಬ್ಯಾಟರಿ ಇಟ್ಟುಕೊಂಡು ಮಲಗತೊಡಗಿದರು.

ಅವರ ಸೋಪು, ಹಲ್ಲುಜ್ಜುವ ಬ್ರಷ್ಷು, ಪೇಸ್ಟು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇರುತ್ತಿದ್ದವು. ಬಚ್ಚಲಿಗೆ ಹೋಗುವಾಗ ಚೀಲ ಒಯ್ಯುವರು. ಬರುವಾಗ ಮರಳಿ ತಂದು ಮಂಚದ ತಲೆಯ ಬಳಿ ತೂಗುಹಾಕುವರು. ಹತ್ತಾರು ಜನಕ್ಕೆ ಒಂದೇ ಬಚ್ಚಲಿರುವ ಬಿಡಾರದಲ್ಲಿ ಸೋಪು ಬಿಟ್ಟುಬಂದರೆ ಅದು ಇದ್ದಲ್ಲಿ ಇರುವುದಿಲ್ಲ. “ಇಲ್ಲಿ ನಿಮ್ಮ ಸಾಬೂನು ಯಾರು ಕದೀತಾರೆ?” ಎಂದು ಅಮ್ಮ ಕೇಳಿದಳು. ಅವರು ಉತ್ತರ ಕೊಡಲಿಲ್ಲ, ಚೀಲವನ್ನೂ ಬಿಡಲಿಲ್ಲ. ದೊಡ್ಡ ಮಂಚವಿದ್ದರೂ ಅಂಚಿಗೆ ಸರಿದು, ಎರಡು ಕೈಗಳನ್ನೂ ಎದೆಯ ಮೇಲೆ ಕಟ್ಟಿಕೊಂಡು ಮಲಗುವರು. ನಾಲ್ಕು ಗಂಟೆಗೆ ಏಳುವರು. ಎದ್ದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕತ್ತಲಲ್ಲಿ ಜಗಲಿಯ ಮೇಲೆ ಕೂರುವರು. ಶುಕ್ರವಾರ ಬಂದರೆ ತಮ್ಮ ಬಟ್ಟೆಗಳನ್ನೆಲ್ಲ ತಾವೇ ಒಗೆದು ಸಾಲಾಗಿ ಒಣಗಿಸುವರು. ಅಲ್ಲಿ ಅವರಿಗೆ ವಾರದ ರಜ ಶುಕ್ರವಾರವೇ ಆಗಿತ್ತು. ಬಾವಿಕಟ್ಟೆಯ ಬಳಿ ಗಂಡ ಬಟ್ಟೆ ಒಗೆಯುವುದನ್ನು ನೆರೆಯವರು ಕಂಡು ಏನೆಂದಾರೋ ಎಂದು ಅಮ್ಮನಿಗೆ ಸಂಕೋಚ. ತನ್ನ ಬಟ್ಟೆಯನ್ನು ಇನ್ನೊಬ್ಬರು ಒಗೆದಾರೇಕೆ ಎಂದು ಅಪ್ಪಯ್ಯನಿಗೆ ಆಶ್ಚರ್ಯ.

ಇದೆಲ್ಲ ಬಂದವರ ಪಾಡು. ಇದ್ದವರ ಪಾಡೂ ಒಂದಿತ್ತು. ಹದಿನಾರು ವರ್ಷ ಮನೆಯ ಯಜಮಾನಿಕೆ ಅಮ್ಮನದು. ಹಸುವಿಗೆ ಹಿಂಡಿ ತರುವುದು, ಡೈರಿಗೆ ಹಾಲು ಹಾಕುವುದು, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಶಾಲೆಯ ಸಭೆ, ಸಹಕಾರಿ ಸಂಘದ ಸಾಲ ಎಲ್ಲವೂ ಅವಳ ತಲೆಯ ಮೇಲೆಯೇ. ಅಪ್ಪಯ್ಯ ಬಂದ ಮೇಲೆ ಒಮ್ಮೆ ಅವಳು ಸಾಲದ ಕಂತು ಕಟ್ಟಲು ಹೋದಾಗ ಅಲ್ಲಿದ್ದವರೊಬ್ಬರು, “ಯಜಮಾನರು ಬಂದಿದ್ದಾರಲ್ಲ, ಇನ್ನು ಅವರನ್ನೇ ಕಳಿಸಿ” ಎಂದರಂತೆ. ಒಳ್ಳೆಯ ಮಾತೆಂದೇ ಅವರು ಹೇಳಿರಬೇಕು. ಅಮ್ಮ ಮನೆಗೆ ಬಂದು ಪಾಸ್‌ಬುಕ್ಕುಗಳನ್ನೆಲ್ಲ ತಂದು ಅಪ್ಪಯ್ಯನ ಮುಂದೆ ಇಟ್ಟಳು. ಮುಂದಿನ ತಿಂಗಳು ಅವರು ಹೋದರು. ಯಾವ ಸಾಲ, ಯಾವ ಖಾತೆ ಎಂದು ಕೇಳಿದ್ದಕ್ಕೆ ಉತ್ತರ ತಿಳಿಯದೆ ಅಲ್ಲಿಂದಲೇ ಅಮ್ಮನಿಗೆ ಫೋನು ಮಾಡಿದರು. ಅವಳು ಪುಸ್ತಕ ನೋಡದೆ ಎಲ್ಲವನ್ನೂ ಹೇಳಿದಳು. ಆ ದಿನ ಮನೆಗೆ ಬಂದವರು ಬಹಳ ಹೊತ್ತು ಮಾತನಾಡಲಿಲ್ಲ. ಅವರಿಗೆ ಮನೆಯನ್ನು ನಡೆಸುವುದು ಬಾರದೆಂಬ ಕೊರಗು. ಇವಳಿಗೆ ನಡೆಸಿದ್ದು ಲೆಕ್ಕಕ್ಕೆ ಬಾರದೆಂಬ ಕೊರಗು. ಇಬ್ಬರೂ ಬಾಯಿ ಬಿಟ್ಟು ಹೇಳುವವರಲ್ಲ.

ಇನ್ನು ನನ್ನ ತಪ್ಪಿನ ಮಾತು. ಈ ಲೇಖನ ಬರೆಯಲು ಕಾರಣವಾದದ್ದೂ ಅದೇ. 2024ರ ಜನವರಿಯಲ್ಲಿ ನಮ್ಮ ಮೊದಲನೆಯ ವರ್ಷದವರಿಗೆ ಹಂಪಿಗೆ ಪ್ರವಾಸವಿತ್ತು. ಪೋಷಕರ ಒಪ್ಪಿಗೆಯ ಪತ್ರಕ್ಕೆ ಸಹಿ ಬೇಕಾಗಿತ್ತು. ಸಂಜೆ ಮನೆಗೆ ಬಂದೆ. ಅಮ್ಮನೂ ಅಪ್ಪಯ್ಯನೂ ಜಗಲಿಯ ಮೇಲೆ ಕುಳಿತಿದ್ದರು. “ಪ್ರವಾಸದ ಕಾಗದ, ಸಹಿ ಬೇಕು” ಎಂದೆ. ಅಪ್ಪಯ್ಯ ಅಂಗಿಯ ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದರು. ನಾನು ಕಾಗದವನ್ನು ಅಮ್ಮನ ಕೈಗೆ ಕೊಟ್ಟೆ. ಬೇಕೆಂದು ಮಾಡಿದ್ದಲ್ಲ, ಒಂದನೆಯ ತರಗತಿಯಿಂದ ಕೈ ಹೋಗುತ್ತಿದ್ದ ಕಡೆಗೆ ಕೈ ಹೋಯಿತು. ಕೊಟ್ಟ ಮೇಲೆ ತಿಳಿಯಿತು. ಅಮ್ಮನಿಗೂ ತಿಳಿಯಿತು. ಕಾಗದ ಅವಳ ಕೈಯಲ್ಲೇ ನಿಂತಿತು. ಅಪ್ಪಯ್ಯ ಪೆನ್ನಿನ ಮುಚ್ಚಳ ಹಾಕಿ, ಅದನ್ನು ಮತ್ತೆ ಜೇಬಿಗೆ ಸಿಕ್ಕಿಸಿ, “ಅವಳೇ ಹಾಕಲಿ. ಕಾಲೇಜಿನಲ್ಲಿ ಇಪ್ಪುದು ಅವಳ ಸಹಿಯೇ ಅಲ್ದಾ?” ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಆ ರಾತ್ರಿ ನಿದ್ರೆ ಬರುತ್ತಿತ್ತು.

ಹಂಪಿಯಲ್ಲಿ ವಿಜಯವಿಠ್ಠಲನ ಗುಡಿಯ ಮುಂದೆ ನಿಂತಾಗಲೂ ನನ್ನ ಕಣ್ಣಿಗೆ ಆ ಪೆನ್ನೇ ಕಾಣುತ್ತಿತ್ತು. ಹಿಂತಿರುಗಿದ ಮೇಲೆ ನಮ್ಮ ಸಮಾಜಶಾಸ್ತ್ರದ ಅಧ್ಯಾಪಕರಲ್ಲಿ, ಯಾರ ಮನೆಯೆಂದು ಹೇಳದೆ, ಈ ಸಂಗತಿಯನ್ನು ಕೇಳಿದೆ. ಅವರಿಗೆ ಯಾರ ಮನೆಯೆಂಬುದು ತಿಳಿದೇ ಇದ್ದಿರಬೇಕು. ಆಲ್‌ಫ್ರೆಡ್ ಶುಟ್ಸ್ ಎಂಬ ವಿದ್ವಾಂಸನ ವಿಚಾರ ಹೇಳಿದರು. ವಿಯೆನ್ನಾದಿಂದ ಹೋಗಿ ಅಮೆರಿಕದಲ್ಲಿ ನೆಲಸಿದ ಈತ, ಮಹಾಯುದ್ಧದ ಸೈನಿಕರು ಮನೆಗೆ ಮರಳುತ್ತಿದ್ದ 1945ರಲ್ಲಿ, ಮನೆಗೆ ಮರಳುವವನನ್ನು ಕುರಿತೇ ಒಂದು ಪ್ರಬಂಧ ಬರೆದನಂತೆ. ಪರ ಊರಿಗೆ ಹೋಗುವವನು ಅಲ್ಲಿ ಎಲ್ಲವೂ ಹೊಸದಾಗಿರುತ್ತದೆಂದು ಎಚ್ಚರದಿಂದ ಹೋಗುತ್ತಾನೆ. ತನ್ನ ಊರಿಗೆ ಮರಳುವವನು ಎಲ್ಲವೂ ಬಿಟ್ಟುಹೋದಂತೆಯೇ ಇದೆಯೆಂದು ನಂಬಿ ಬರುತ್ತಾನೆ. ಆದ್ದರಿಂದ ಮರಳಿ ಬಂದವನ ಪಾಡೇ ಹೆಚ್ಚಿನದು. ಆತ ಇನ್ನೊಂದು ಮಾತನ್ನೂ ಹೇಳಿದ್ದಾನೆ: ಬರುವವನನ್ನು ಸಿದ್ಧಪಡಿಸಿದರೆ ಸಾಲದು, ಮನೆಯವರನ್ನೂ ಸಿದ್ಧಪಡಿಸಬೇಕು. ಆ ಮಾತು ನನಗೆ ನಾಟಿತು. ಅಪ್ಪಯ್ಯ ಮನೆಗೆ ಹೊಂದಿಕೊಳ್ಳಲಿ ಎಂದು ನಾವೆಲ್ಲ ಕಾಯುತ್ತಿದ್ದೆವು. ಅವರಿಗೆ ಹೊಂದಿಕೊಳ್ಳಲು ನಾವು ಏನು ಮಾಡಿದ್ದೆವು?

ಆಮೇಲೆ ಯೋಚಿಸಿದರೆ ಇದು ನಮ್ಮ ಹಿರಿಯರಿಗೂ ಗೊತ್ತಿದ್ದ ಮಾತೇ. ವಾಲ್ಮೀಕಿ ರಾಮಾಯಣದಲ್ಲಿ ಹದಿನಾಲ್ಕು ವರ್ಷ ಮುಗಿಸಿ ಬರುವ ರಾಮ ನೇರವಾಗಿ ಅಯೋಧ್ಯೆಗೆ ಹೋಗುವುದಿಲ್ಲ. ಭರದ್ವಾಜರ ಆಶ್ರಮದಲ್ಲಿ ನಿಂತು ಹನುಮಂತನನ್ನು ಮುಂದಾಗಿ ಕಳುಹಿಸುತ್ತಾನೆ. ತಾನು ಬರುವ ಸುದ್ದಿ ಕೇಳಿದಾಗ ಭರತನ ಮುಖಭಾವ ಹೇಗಿರುತ್ತದೆಂದು ನೋಡಿಕೊಂಡು ಬಾ ಎನ್ನುತ್ತಾನೆ. ಇಷ್ಟು ಕಾಲ ರಾಜ್ಯ ನೋಡಿಕೊಂಡವನಿಗೆ ಅದರಲ್ಲಿ ಮನಸ್ಸು ನೆಟ್ಟಿರಬಹುದೆಂಬುದು ಅವನ ಯೋಚನೆ. ಚಿಕ್ಕಂದಿನಲ್ಲಿ ಈ ಕಥೆ ಕೇಳಿದಾಗ ರಾಮನಿಗೆ ತಮ್ಮನ ಮೇಲೆ ಅನುಮಾನವೇಕೆ ಎಂದು ಬೇಸರವಾಗಿತ್ತು. ಈಗ ಹಾಗೆನಿಸುವುದಿಲ್ಲ. ಮನೆಯ ಬಾಗಿಲಲ್ಲಿ ನಿಂತು ಒಳಗೆ ತನಗೆ ಜಾಗವಿದೆಯೇ ಎಂದು ಅಳುಕುವುದು ಮನುಷ್ಯ ಸಹಜ. ಗಾಂಧೀಜಿಯವರು 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋಗಿ, ನಡುವೆ ಬಂದುಹೋದದ್ದನ್ನು ಬಿಟ್ಟರೆ, ನೆಲೆಸಲೆಂದು ಮುಂಬಯಿಯಲ್ಲಿ ಇಳಿದದ್ದು 1915ರ ಜನವರಿ 9ರಂದು. ಒಂದು ವರ್ಷ ಕಾಲ ದೇಶವನ್ನು ಸುತ್ತಿ ನೋಡಬೇಕು, ಸಾರ್ವಜನಿಕ ವಿಷಯಗಳ ಮೇಲೆ ಮಾತನಾಡಕೂಡದು ಎಂದು ಗೋಖಲೆಯವರು ಅವರಿಂದ ಮಾತು ಪಡೆದಿದ್ದರು. ಮರುತಿಂಗಳೇ ಗೋಖಲೆಯವರು ತೀರಿಕೊಂಡರೂ ಗಾಂಧೀಜಿ ಆ ಮಾತನ್ನು ನಡೆಸಿದರು. ಅಂಥವರಿಗೇ ಒಂದು ವರ್ಷ ಬೇಕಾಯಿತೆಂದ ಮೇಲೆ ನಮ್ಮ ಅಪ್ಪಯ್ಯನಿಗೆ ನಾವು ಎರಡೇ ತಿಂಗಳು ಕೊಟ್ಟದ್ದು ಅನ್ಯಾಯವಲ್ಲವೇ?

2024ರ ಏಪ್ರಿಲ್ 16ರಂದು ದುಬೈಯಲ್ಲಿ ಹಿಂದೆಂದೂ ಕಾಣದ ಮಳೆ ಬಿದ್ದಿತು. 1949ರಲ್ಲಿ ಲೆಕ್ಕ ಇಡಲು ಆರಂಭಿಸಿದಂದಿನಿಂದ ಆ ದೇಶದಲ್ಲಿ ಅಂಥ ಮಳೆಯಾಗಿರಲಿಲ್ಲವಂತೆ. ಅಪ್ಪಯ್ಯ ಆ ರಾತ್ರಿಯೆಲ್ಲ ಫೋನು ಹಿಡಿದು ಕುಳಿತಿದ್ದರು. “ಈ ರಸ್ತೆ ನೋಡು, ನಮ್ಮ ಬಸ್ಸು ಹೋಗೂದು ಇಲ್ಲೇ” ಎಂದು ನನಗೆ ತೋರಿಸಿದರು. ‘ಹೋಗುತ್ತಿದ್ದುದು’ ಎನ್ನಲಿಲ್ಲ. ಕೋಣೆಯ ಜೊತೆಗಾರರು ಒಬ್ಬೊಬ್ಬರಾಗಿ ಕ್ಷೇಮವೆಂದು ತಿಳಿಸಿದ ಮೇಲೆ, ಮೊದಲ ಸಲ ನನ್ನೊಡನೆ ಅವರೆಲ್ಲರ ಹೆಸರು ಹೇಳಿದರು. ಒಬ್ಬ ಕೇರಳದವನು, ಒಬ್ಬ ನೇಪಾಳದವನು, ಒಬ್ಬ ಪೇಶಾವರದವನು. ಹದಿನಾರು ವರ್ಷಗಳ ಅವರ ಬದುಕಿನಲ್ಲಿ ಹದಿನಾಲ್ಕು ತಿಂಗಳು ಬಿಟ್ಟು ಉಳಿದದ್ದೆಲ್ಲ ಆ ಜನರೊಡನೆ ಕಳೆದಿತ್ತು. ನಾನು ಒಮ್ಮೆಯೂ ಅದನ್ನು ಕೇಳಿರಲಿಲ್ಲ. ಆ ರಾತ್ರಿ ಕೇಳಿದೆ. ಬೆಳಗಿನ ಜಾವದವರೆಗೂ ಹೇಳಿದರು. “ಊಟ ಆಯ್ತಾ? ಓದ್ತಾ ಇದ್ಯಾ?” ಎಂಬ ಎರಡು ಮಾತುಗಳಾಚೆ ನಮ್ಮಿಬ್ಬರ ನಡುವೆ ನಡೆದ ಮೊದಲ ಸಂಭಾಷಣೆ ಅದು.

ಜೂನ್ ತಿಂಗಳು ಬಂದಿತು. ಏಪ್ರಿಲ್, ಮೇ ತಿಂಗಳಲ್ಲೇ ಬಂದುಹೋಗುತ್ತಿದ್ದ ಅಪ್ಪಯ್ಯ ಹದಿನಾರು ವರ್ಷ ನಮ್ಮ ಮಳೆಗಾಲವನ್ನು ಕಂಡಿರಲಿಲ್ಲ. ಮೊದಲ ಮಳೆಯ ದಿನ ಜಗಲಿಯ ತುದಿಯಲ್ಲಿ ಕುಳಿತು, ಎರಚಲಿಗೆ ಪಂಚೆ ನೆನೆದರೂ ಏಳಲಿಲ್ಲ. ಅದೇ ವಾರ ಒಂದು ರಾತ್ರಿ ಸಿಡಿಲು ಹೊಡೆದು ಮನೆಯೊಳಗೆ ಚಟಾರೆಂದಿತು. ಸುಟ್ಟ ವಾಸನೆ ಬಂದು ಎಲ್ಲ ದೀಪಗಳೂ ಆರಿದವು. ಪ್ರತಿಸಲ ಹೀಗಾದಾಗ ಅಮ್ಮ ಬೆಳಗಾಗುವವರೆಗೆ ಕಾದು ಪೇಟೆಯ ವೈರ್‌ಮನ್ನನಿಗೆ ಫೋನು ಮಾಡುತ್ತಿದ್ದಳು. ಆ ರಾತ್ರಿ ಅವಳು ತಲೆದಿಂಬಿನ ಕೆಳಗಿನ ಬ್ಯಾಟರಿ ಎಳೆದುಕೊಂಡು, “ಕಂಡ್ರ್ಯಾ, ನೀವು ಬನ್ನಿ. ಮೈನ್ ಎಲ್ಲಿತ್ತು ಅಂದು ನಾನು ತೋರ್ಸ್ತೆ” ಎಂದಳು.

ಅವಳು ಬೆಳಕು ಹಿಡಿದಳು, ಅವರು ಬೋರ್ಡು ಬಿಚ್ಚಿದರು. ಯಾವ ಗೋಡೆಯೊಳಗೆ ಯಾವ ತಂತಿ ಹೋಗಿದೆಯೆಂಬುದು ಅವಳಿಗೆ ಗೊತ್ತು. ಮನೆ ಕಟ್ಟಿಸುವಾಗ ನಿಂತು ನೋಡಿದ್ದಳು. ಸುಟ್ಟದ್ದು ಯಾವುದು, ಉಳಿದದ್ದು ಯಾವುದು ಎಂಬುದು ಅವರಿಗೆ ಗೊತ್ತು. ಅರ್ಥಿಂಗ್ ತಂತಿಯನ್ನು ಕಟ್ಟಿದವರು ನೆಪಕ್ಕೆಂದು ಮಣ್ಣಿನಲ್ಲಿ ಚುಚ್ಚಿ ಬಿಟ್ಟಿದ್ದರು. “ಹತ್ತು ವರ್ಷ ನೀವೆಲ್ಲ ದೇವರ ದಯದಲ್ಲಿ ಬದುಕಿದ್ದು” ಎಂದು ಅಪ್ಪಯ್ಯ ಬೈದರು. ಮನೆಗೆ ಬಂದ ಮೇಲೆ ಅವರು ಬೈದದ್ದು ಅದೇ ಮೊದಲು. ನೆಂಟರು ಬೈಯುವುದಿಲ್ಲ, ಮನೆಯವರು ಬೈಯುತ್ತಾರೆ. ನಮಗೆಲ್ಲ ಒಳಗೊಳಗೇ ಸಂತೋಷವಾಯಿತು. ಮರುದಿನ ಪೇಟೆಯಿಂದ ಸಾಮಾನು ತರಿಸಿ ಇಡೀ ಮನೆಯ ತಂತಿಗಳನ್ನು ಸರಿಪಡಿಸಿದರು. ಅಂದಿನಿಂದ ಯಾವ ಸ್ವಿಚ್ಚೂ ಅವರ ಕೈ ತಪ್ಪಲಿಲ್ಲ. ಅದೇ ಸಿಡಿಲಿಗೆ ನೆರೆಮನೆಯ ಪಂಪ್‌ಸೆಟ್ಟೂ ಕೆಟ್ಟಿತ್ತು. ಅವರು ಬಂದು, “ಒಂದು ಸಲ ಬಂದು ಕಾಂಬ್ರ್ಯಾ?” ಎಂದು ಕರೆದರು. ಮೂರನೆಯ ಪ್ರಶ್ನೆ ನಮ್ಮ ಊರಿಗೆ ಕೊನೆಗೂ ಸಿಕ್ಕಿತು.

ಎಲ್ಲವೂ ನೇರ್ಪಾಯಿತೆಂದು ಹೇಳಿದರೆ ಸುಳ್ಳಾದೀತು. ಹಣ ಹಿಂದಿನಷ್ಟು ಬರುವುದಿಲ್ಲ. ಅಪ್ಪಯ್ಯ ಹೋದಾಗ ಹನ್ನೊಂದು ಹನ್ನೆರಡು ರೂಪಾಯಿಯಿದ್ದ ದಿರ್ಹಾಮು ಅವರು ಬರುವಾಗ ಇಪ್ಪತ್ತೆರಡು ದಾಟಿತ್ತು. ಸಂಬಳ ಅಷ್ಟಾಗಿ ಏರದಿದ್ದರೂ ನಮ್ಮ ಮನೆ ನಡೆದದ್ದು ರೂಪಾಯಿ ಇಳಿದದ್ದರಿಂದ. ಆ ಅನುಕೂಲ ಈಗಿಲ್ಲ. ಶುಕ್ರವಾರದ ಬಟ್ಟೆ ಒಗೆತ ಇನ್ನೂ ಇದೆ. ಅಮ್ಮ ಈಗ ತನ್ನ ಎರಡು ಸೀರೆಗಳನ್ನೂ ಆ ಬಕೆಟ್ಟಿಗೆ ಹಾಕುತ್ತಾಳೆ. ಸಹಕಾರಿ ಸಂಘಕ್ಕೆ ಅಮ್ಮನೇ ಹೋಗುತ್ತಾಳೆ. “ಯಜಮಾನರು” ಎಂದವರಿಗೆ ಅಪ್ಪಯ್ಯನೇ, “ಲೆಕ್ಕದ ಯಜಮಾನಿಕೆ ಅವಳದು” ಎಂದು ಹೇಳಿಬಂದರು. ಸೋಪಿನ ಚೀಲ ಎಂದು ಮಾಯವಾಯಿತೆಂಬುದನ್ನು ನಾನು ಗಮನಿಸಲಿಲ್ಲ. ಒಂದು ದಿನ ಬಚ್ಚಲಿನಲ್ಲಿ ನಮ್ಮ ಸೋಪಿನ ಪಕ್ಕದಲ್ಲಿ ಇನ್ನೊಂದು ಸೋಪು ಇತ್ತು.

ನಮ್ಮ ಅರ್ಥಶಾಸ್ತ್ರದ ಪಾಠದಲ್ಲಿ ಬರುವ ಒಂದು ಅಂಕಿ: ಹೊರದೇಶಗಳಲ್ಲಿ ದುಡಿಯುವವರಿಂದ ಭಾರತಕ್ಕೆ 2022ರಲ್ಲಿ 111 ಶತಕೋಟಿ ಡಾಲರುಗಳಿಗಿಂತ ಹೆಚ್ಚು ಹಣ ಬಂದಿತು, ಒಂದೇ ವರ್ಷದಲ್ಲಿ ನೂರನ್ನು ದಾಟಿದ ದೇಶ ನಮ್ಮದೇ ಮೊದಲು. ಪರೀಕ್ಷೆಯಲ್ಲಿ ನಾನು ಅದನ್ನು ಬರೆದು ಅಂಕ ಪಡೆದಿದ್ದೇನೆ. ಬರುವ ಹಣವನ್ನು ಎಣಿಸುವವರು ಇದ್ದಾರೆ. ಬರುವ ಮನುಷ್ಯನನ್ನು ಎಣಿಸಬೇಕಾದವರು ಮನೆಯವರೇ. ನಮ್ಮ ಮಿತ್ರರಲ್ಲಿ ಅನೇಕರು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದಾರೆ. ಹೋಗಬೇಡಿ ಎನ್ನುವ ಅಧಿಕಾರ ನನಗಿಲ್ಲ. ಆ ಹಣದಿಂದಲೇ ಓದಿದವರಲ್ಲಿ ನಾನೂ ಒಬ್ಬ ವಿದ್ಯಾರ್ಥಿ. ಇಷ್ಟನ್ನು ಮಾತ್ರ ಹೇಳಬಲ್ಲೆ. ನಿಮ್ಮ ಮನೆಗೆ ಯಾರಾದರೂ ಮರಳಿ ಬಂದರೆ ಬಹಳ ದಿನ ಉಪಚರಿಸಬೇಡಿ. ಬೇಗನೆ ಒಂದು ಕೆಲಸ ಹೇಳಿ. ಅವರು ಇದ್ದ ಊರಿನ ಕಥೆಯನ್ನು ಕೇಳಿ.

ಈ ವರ್ಷವೂ ಪ್ರವಾಸದ ಒಪ್ಪಿಗೆ ಪತ್ರ ಬಂದಿತು. ಈ ಸಲ ನಾನು ಯಾರ ಕೈಗೂ ಕೊಡದೆ ಇಬ್ಬರ ನಡುವೆ ಇಟ್ಟೆ. ರೊಟ್ಟಿಗೆ ಹಿಟ್ಟು ಕಲಸುತ್ತಿದ್ದ ಅಮ್ಮ, “ಅಪ್ಪಯ್ಯನ ಹತ್ರ ಹಾಕಿಸು, ನನ್ನ ಕೈ ಹಿಟ್ಟಾಯ್ತು” ಎಂದಳು. ಅವಳ ಬಲಗೈಗೆ ಹಿಟ್ಟು ಅಂಟಿದ್ದು ನನಗೆ ಕಾಣಲಿಲ್ಲ. ಅಪ್ಪಯ್ಯ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ನಿಧಾನವಾಗಿ, ಅಕ್ಷರ ಅಕ್ಷರವನ್ನೂ ಬಿಡಿಸಿ ಸಹಿ ಹಾಕಿದರು.

ಮೊನ್ನೆ ಬೆಳಿಗ್ಗೆ ಬಹಳ ದಿನಗಳ ಮೇಲೆ ಊರಿಗೆ ಬಂದ ನೆಂಟರೊಬ್ಬರು ದಾರಿಯಲ್ಲಿ ಅಪ್ಪಯ್ಯನನ್ನು ಕಂಡು, “ಹ್ವಾಯ್, ಯಾವಾಗ ಬಂದದ್ದು? ಯಾವಾಗ ಹೋಪುದು?” ಎಂದು ಕೇಳಿದರು. ಅಪ್ಪಯ್ಯ ಕೈಯಲ್ಲಿದ್ದ ಹಾಲಿನ ಕ್ಯಾನನ್ನು ಎತ್ತಿ ತೋರಿಸಿ, “ಈಗಲೇ ಹೋಪುದು. ಡೈರಿಯವರು ಏಳೂವರೆಗೆ ಬಾಗಿಲು ಹಾಕ್ತ್ರು” ಎಂದು ಹೇಳಿ ಸರಸರನೆ ನಡೆದರು.